ವಕೀಲ ರೆನ್‌ಫ್ರೋ ಮತ್ತು ನನ್ನ ಅವ್ವ

ಆನ್ಸೆಲ್ ರೆನ್‌ಫ್ರೋ ವಕೀಲರು ಕೆಂಟಕಿಯಿಂದ ಅರ್ಕಾನ್ಸಾದ ನಮ್ಮ ಟಾಲ್ಬಟ್ ಊರಿಗೆ ಬಂದಾಗ ಅವರ ಹತ್ತಿರ ಒಂದು ಹೇಸರಗತ್ತೆ, ಎರಡು ಚೀಲ ಕಾನೂನು ಪುಸ್ತಕ, ಮೂರು ಅಂಗಿ ಇದ್ದವಂತೆ. ಅಂಗಿಯ ಲೆಕ್ಕ ಸುಳ್ಳಿರಲಾರದು, ಏಕೆಂದರೆ ಅವನ್ನು ಒಗೆದು ಇಸ್ತ್ರಿ ಮಾಡುತ್ತಿದ್ದವಳು ನನ್ನ ಅವ್ವ ಲೆಟ್ಟಿ. ಜೀನು ಹೊಲಿಯುವವನ ಅಂಗಡಿಯ ಮೇಲಿನ ಕೋಣೆಯಲ್ಲಿ ವಕೀಲರ ವಾಸ. ಕಕ್ಷಿದಾರರು ಬಾರದ ದಿನಗಳೇ ಹೆಚ್ಚು. ಕಿಟಕಿಯಲ್ಲಿ ಕಾಲು ಚಾಚಿ ಕೂತು, ಬೀದಿಯಲ್ಲಿ ಹೋಗುವವರನ್ನೆಲ್ಲ ಮಾತಾಡಿಸುತ್ತಿದ್ದರಂತೆ.

ಅವ್ವ ಆಗ ಹಾರ್ಬಿಸನ್ ಅನ್ನುವ ವಿಧವೆ ಮುದುಕಿಯ ಆಳು. ಆಳು ಅಂದರೆ ಕೂಲಿಯವಳಲ್ಲ; ಮುದುಕಿಯ ಹಸು, ಗಡಿಯಾರ, ಹಿತ್ತಾಳೆಯ ಮಂಚದ ಹಾಗೆ ಅವಳ ಸ್ವತ್ತು. ಮುದುಕಿ ಸಾಯುವ ಮುಂಚೆ ಉಯಿಲು ಬರೆದು ಅವ್ವನನ್ನೂ, ಅವಳ ಕಂಕುಳ ಕೂಸಾಗಿದ್ದ ನನ್ನನ್ನೂ ಬಿಡುಗಡೆ ಮಾಡಿದ್ದಳು. ನನ್ನ ಹೆಸರು ಟೆಂಪಿ. ಹೆಣ ಮಣ್ಣಾಗಿ ವಾರವಾಗಿರಲಿಲ್ಲ, ಮುದುಕಿಯ ಗಂಡನ ಸೋದರಳಿಯ ಪ್ರೂಯಿಟ್ ಬಂದು, "ಉಯಿಲು ಗಿಯಿಲು ಎಲ್ಲಾ ಬಿಡು, ಮೂಟೆ ಕಟ್ಟು, ಟೆಕ್ಸಾಸಿಗೆ ಹೋಗೋದಿದೆ" ಅಂದ.

ಅವ್ವ ಮೂಟೆ ಕಟ್ಟಲಿಲ್ಲ. ಒಗೆದ ಮೂರು ಅಂಗಿ ಎತ್ತಿಕೊಂಡು ಜೀನಿನ ಅಂಗಡಿಯ ಮೆಟ್ಟಿಲು ಹತ್ತಿದಳು. ಊರಿನ ಉಳಿದ ವಕೀಲರು ಆಗಲೇ ಬಾಗಿಲು ಹಾಕಿಕೊಂಡಿದ್ದರು.

"ವಕೀಲರೇ, ನಿಮಗೆ ಕೆಲಸ ಇಲ್ಲ ಅಂತ ಊರೆಲ್ಲ ಹೇಳ್ತದೆ. ನಾನೊಂದು ಕೆಲಸ ತಂದಿದೀನಿ" ಅಂದಳಂತೆ.

ರೆನ್‌ಫ್ರೋ ಜೋರಾಗಿ ನಕ್ಕುಬಿಟ್ಟರಂತೆ. ಆಮೇಲೆ ಕಾಲು ಕೆಳಗಿಳಿಸಿ ಕೂತು ಎಲ್ಲವನ್ನೂ ಕೇಳಿಸಿಕೊಂಡರು.

ಆ ಮೊಕದ್ದಮೆಯ ಕಥೆಯನ್ನು ನಮ್ಮ ಊರಿನಲ್ಲಿ ಈಗಲೂ ಹೇಳುತ್ತಾರೆ. ಮರದ ದಿಮ್ಮಿಗಳ ಕೋರ್ಟು, ನೆಲದ ಕೆಳಗೆ ಹಂದಿಗಳು ಗುರುಗುಟ್ಟುತ್ತಿದ್ದವು. ಬಿಳಿಯನ ವಿರುದ್ಧ ಕರಿಯರು ಸಾಕ್ಷಿ ಹೇಳುವಂತಿಲ್ಲ. ಆದ್ದರಿಂದ ಯಾರ ಬದುಕಿನ ತೀರ್ಪಾಗಬೇಕಿತ್ತೋ ಆ ನನ್ನ ಅವ್ವ ಗೋಡೆಗೊರಗಿ ಬಾಯಿ ಬಿಡದೆ ನಿಂತಿದ್ದಳು. ಮುದುಕಿಗೆ ಕೊನೆಗಾಲದಲ್ಲಿ ಬುದ್ಧಿ ಸ್ಥಿಮಿತದಲ್ಲಿರಲಿಲ್ಲ ಅನ್ನುವುದು ಪ್ರೂಯಿಟನ ವಾದ. ರೆನ್‌ಫ್ರೋ ಎದ್ದು, ಹನ್ನೆರಡು ಜನ ಪಂಚರ ಕಡೆ ತಿರುಗಿ ಮೆಲ್ಲಗೆ ಹೇಳಿದರು:

"ಒಪ್ಪಿದೆ. ಮುದುಕಿಗೆ ಬುದ್ಧಿ ಇರ್ಲಿಲ್ಲ. ಅದೇ ಉಯಿಲಿನಲ್ಲಿ ಪ್ರೂಯಿಟ್ ಅವರಿಗೆ ನದಿ ಪಕ್ಕದ ಹೊಲ ಬರೆದವಳೂ ಅವಳೇ. ಹುಚ್ಚಿ ಬರೆದದ್ದು ಅಂದ್ಮೇಲೆ ಅದೂ ನಿಲ್ಲೋದಿಲ್ಲ. ಹೊಲ ಟೆನೆಸಿಯಲ್ಲಿರೋ ಅವಳ ಖಾಸಾ ತಂಗಿಗೆ ಹೋಗ್ತದೆ. ಈಗ ಪ್ರೂಯಿಟ್ ಅವರೇ ಹೇಳಲಿ, ಮುದುಕಿಗೆ ಬುದ್ಧಿ ಇತ್ತೋ, ಇರ್ಲಿಲ್ವೋ?"

ಪಂಚರಲ್ಲಿ ಒಬ್ಬ ಕಿಸಕ್ಕನೆ ನಕ್ಕ. ಪ್ರೂಯಿಟ್ ತನ್ನ ವಕೀಲನ ಮುಖ ನೋಡಿದ, ವಕೀಲ ಸೂರು ನೋಡಿದ. ಸಂಜೆಯೊಳಗೆ ನಾವು ಸ್ವತಂತ್ರರಾದೆವು. ಬಿಡುಗಡೆಯಾದ ಕರಿಯರು ಅರ್ಕಾನ್ಸಾದಲ್ಲಿ ಇರಬೇಕಾದರೆ ಬಿಳಿಯನೊಬ್ಬ ಜಾಮೀನು ನಿಲ್ಲಬೇಕಿತ್ತು. ಅದಕ್ಕೂ ರೆನ್‌ಫ್ರೋ ಅವರೇ ರುಜು ಹಾಕಿದರು. ಅಂದಿನಿಂದ ಪ್ರತಿ ಶನಿವಾರ ಅವರ ಅಂಗಿಗಳು ನಮ್ಮ ಮನೆಗೆ ಬರುತ್ತಿದ್ದವು. ದೋಣಿಕಟ್ಟೆಯ ಹತ್ತಿರ ನಮ್ಮದೊಂದು ಪುಟ್ಟ ಹಲಗೆಮನೆ. ಅಂಗಳದ ತುಂಬ ಊರಿನ ಬಟ್ಟೆ.

ಆ ಮೊಕದ್ದಮೆ ಅವರಿಗೆ ಹೆಸರು ತಂದಿತು, ಹೆಸರು ಹೆಂಡತಿಯನ್ನು ತಂದಿತು. ಕರ್ನಲ್ ಬ್ಲಾಕ್‌ಶೇರ್ ಎಂಬ ದೊಡ್ಡ ಹತ್ತಿ ಬೆಳೆಗಾರ ತನ್ನ ಮಗಳು ಯುಡೋರಾಳನ್ನು ಅವರಿಗೆ ಕೊಟ್ಟ. ಅವಳ ಜೊತೆ ನದಿಯ ತಗ್ಗಿನ ಕಪ್ಪು ಮಣ್ಣಿನ ಹೊಲ, ಅದರಲ್ಲಿ ದುಡಿಯುವ ನಲವತ್ತು ಜೀವ. ಆ ನಲವತ್ತರಲ್ಲಿ ಒಬ್ಬ ಕಮ್ಮಾರ ಗಿಡಿಯನ್. ಅವನು ನನ್ನ ಅಪ್ಪ. ಮುದಿ ಪಾದ್ರಿಯೊಬ್ಬ ಅವನಿಗೂ ಅವ್ವನಿಗೂ ಮದುವೆ ಮಾಡಿಸಿದ್ದ. ಕಾನೂನಿನ ಕಣ್ಣಿಗೆ ಅದು ಮದುವೆಯೇ ಅಲ್ಲ. ಯಜಮಾನರ ಅಪ್ಪಣೆಯ ಚೀಟಿ ಹಿಡಿದು ಅಪ್ಪ ಶನಿವಾರ ಸಂಜೆ ಬಂದು ಭಾನುವಾರ ಹೋಗುತ್ತಿದ್ದ.

ಮದುವೆಯಾದ ವಾರ ಅಂಗಿ ಕೊಡಲು ಹೋದ ಅವ್ವ ಅಂದಳಂತೆ, "ಗಿಡಿಯನ್ ಈಗ ನಿಮ್ಮವನಾದ ಹಾಗಾಯ್ತು, ವಕೀಲರೇ."

"ನನ್ನವನಲ್ಲ ಲೆಟ್ಟಿ, ಯುಡೋರಾಳ ಹೆಸರಲ್ಲಿದ್ದಾನೆ. ಆದರೆ ಒಂದು ಮಾತು ಕೊಡ್ತೀನಿ, ಅವನ ಮೇಲೆ ಕೈ ಎತ್ತೋನು ನನ್ನ ಮನೇಲಿ ಹುಟ್ಟಿಲ್ಲ."

"ಹುಟ್ಟೋದ್ಯಾಕೆ? ಸಂಬಳ ಕೊಟ್ಟು ಇಟ್ಕೊಂಡಿದೀರಲ್ಲ ಚಾವಟಿ ಹಿಡಿಯೋ ಮೇಸ್ತ್ರಿಯನ್ನ."

ರೆನ್‌ಫ್ರೋ ಅವತ್ತೂ ನಕ್ಕರು. ಅವ್ವನ ಬಾಯಿ ಅವರಿಗೆ ಇಷ್ಟ. ಆದರೆ ಮೇಸ್ತ್ರಿಯನ್ನು ಬಿಡಿಸಲಿಲ್ಲ.

ನಾನು ಕಂಡ ರೆನ್‌ಫ್ರೋ ಎತ್ತರದ, ಕೆಂಗೂದಲಿನ, ಬೆಳ್ಳಗೆ ಗಂಜಿ ಹಾಕಿದ ಅಂಗಿಯ ಮನುಷ್ಯ. ಶಾಸನಸಭೆಗೆ ನಿಂತಾಗ ಕೋರ್ಟಿನ ಮುಂದಿನ ಬಯಲಲ್ಲಿ ಹಳ್ಳ ತೋಡಿ ಇಡಿಯ ಹಂದಿಗಳನ್ನು ಸುಡಿಸುತ್ತಿದ್ದರು. ಜೋಳದ ರೊಟ್ಟಿ, ವಿಸ್ಕಿಯ ಪೀಪಾಯಿ, ಆಮೇಲೆ ಭಾಷಣ. "ನಮ್ ಯಜಮಾನ್ರು ಬಾಯಿ ತೆಗೆದ್ರೆ ಸೌದೆನೇ ಬೇಡ, ಹಂದಿ ತಾನಾಗೇ ಬೇಯ್ತದೆ" ಅಂತ ಅಪ್ಪ ಹೇಳುತ್ತಿದ್ದ. ಅವರು ಗೆದ್ದರು, ಮತ್ತೆ ಮತ್ತೆ ಗೆದ್ದರು. ಸುಮ್ಮನೆ ಕುರ್ಚಿ ಬಿಸಿಮಾಡಿದವರಲ್ಲ. ನದಿ ಉಕ್ಕಿ ಎರಡು ವರ್ಷ ಬೆಳೆ ಕೊಚ್ಚಿಹೋದ ಮೇಲೆ ರಾಜಧಾನಿ ಲಿಟಲ್ ರಾಕಿನಲ್ಲಿ ಕಾದಾಡಿ ನಮ್ಮ ಕಡೆಗೆ ಏರಿ ಹಾಕಿಸಿದರು. ಬಡ ಬಿಳಿಯರ ಮಕ್ಕಳಿಗೆ ಶಾಲೆ ತಂದರು. ಅವ್ವ ಅವರನ್ನು "ನಮ್ಮ ವಕೀಲರು" ಅನ್ನುತ್ತಿದ್ದಳು. ದೋಣಿಕಟ್ಟೆಯಲ್ಲಿ ಯಾರಾದರೂ ಅವರನ್ನು ಹಳಿದರೆ ಹಾಗೆ ಹಳಿದವರ ಬಟ್ಟೆಗೆ ಆ ವಾರ ಗಂಜಿ ಕಡಿಮೆ ಬೀಳುತ್ತಿತ್ತು.

ನನಗೆ ಹದಿನೈದು ತುಂಬಿದ ಚಳಿಗಾಲದಲ್ಲಿ ಶಾಸನಸಭೆ ಆ ಕಾಯಿದೆ ಮಾಡಿತು. ಸ್ವತಂತ್ರರಾದ ಕರಿಯರೆಲ್ಲ ಹೊಸವರ್ಷದೊಳಗೆ ರಾಜ್ಯ ಬಿಟ್ಟು ಹೋಗಬೇಕು. ಹೋಗದವರನ್ನು ಹಿಡಿದು ಮಾರುತ್ತಾರೆ. ಹೋಗಲು ಇಷ್ಟವಿಲ್ಲದವರು ತಾವೇ ಒಬ್ಬ ಯಜಮಾನನನ್ನು ಆರಿಸಿಕೊಂಡು ಮತ್ತೆ ಆಳಾಗಬಹುದು. ಸುದ್ದಿಯನ್ನು ಕಟ್ಟೆಗೆ ತಂದವನು ಉಗಿಹಡಗಿಗೆ ಸೌದೆ ಹೊರುವ ಆಳು.

ಅವ್ವ ನಂಬಲಿಲ್ಲ. "ನಮ್ಮ ವಕೀಲರು ಅಲ್ಲಿರುವಾಗ ಅದು ಹ್ಯಾಗಾದೀತು?" ಅಂದಳು.

ರೆನ್‌ಫ್ರೋ ಊರಿಗೆ ಮರಳಿದ ಮಾರನೆಯ ಮಧ್ಯಾಹ್ನ ಅಂಗಿಗಳ ಬುಟ್ಟಿ ಹೊತ್ತು ಅವರ ಕಚೇರಿಗೆ ಹೋದೆವು. ನನ್ನನ್ನು ಯಾಕೆ ಕರೆದುಕೊಂಡು ಹೋದಳೋ ತಿಳಿಯದು. ಅವರು ನಮ್ಮನ್ನು ಕಂಡು ಎದ್ದು ನಿಂತರು. ಎದ್ದು ನಿಂತದ್ದನ್ನು ನೋಡಿಯೇ ಅವ್ವನಿಗೆ ಗೊತ್ತಾಯಿತು.

"ನೀವೂ ಹೂಂ ಅಂದ್ರಾ?"

"ಕೂತ್ಕೋ ಲೆಟ್ಟಿ."

"ನಿಂತೇ ಕೇಳ್ತೀನಿ."

"ನಾನು ಬೇಡ ಅಂದಿದ್ರೂ ಅದು ಆಗ್ತಿತ್ತು. ಬೇಡ ಅಂದವನು ಮುಂದಿನ ಸಲ ಆ ಸಭೆಯಲ್ಲಿ ಇರ್ತಿರಲಿಲ್ಲ. ಅಲ್ಲಿ ನಾನಿದ್ರೆ ನಾಳೆ ನಾಲ್ಕು ಒಳ್ಳೇದು ಮಾಡಬಹುದು." ಮತ್ತೆ ಹೇಳಿದರು, "ಯಜಮಾನನನ್ನ ಆರಿಸ್ಕೊಳ್ಳೋ ಮಾತು ಕಾಯಿದೆಗೆ ಸೇರಿಸಿದ್ದು ನಾನೇ. ನಿನ್ನಂಥೋರಿಗಾಗೇ ಸೇರಿಸಿದ್ದು. ನನ್ನ ಹೆಸರು ಹೇಳು. ಬರೀ ಕಾಗದದ ಮೇಲೆ ಅಷ್ಟೇ. ನಿನ್ನ ಮನೆ ನಿನಗೆ, ನಿನ್ನ ಕೆಲಸ ನಿನಗೆ, ಗಿಡಿಯನ್ ಶನಿವಾರ ಬಂದೇ ಬರ್ತಾನೆ."

"ನೀವು ನನ್ನ ಬಿಡಿಸಿದ್ದೂ ಕಾಗದದ ಮೇಲೇ ಅಲ್ವಾ, ವಕೀಲರೇ? ಆ ಕಾಗದದ ಮೇಲೇ ಅಲ್ವಾ ಇಷ್ಟು ವರ್ಷ ನಾನು ಬದುಕಿದ್ದು?"

ಅವ್ವ ನನ್ನ ಹೆಗಲು ಹಿಡಿದು ಮುಂದೆ ತಳ್ಳಿದಳು. "ಇವಳನ್ನೂ ಬರ್ಕೋತೀರಾ? ನಾಳೆ ಇವಳಿಗೆ ಹುಟ್ಟೋದನ್ನೂ? ನೀವು ಸತ್ತರೆ ನಾವು ಯಾರ ಪಾಲಿಗೆ?"

"ಲೆಟ್ಟಿ..."

"ನಾವು ಹೋಗ್ತೀವಿ. ಗಿಡಿಯನ್ನ ಕಳಿಸಿಕೊಡಿ. ಓಹಾಯೊಗೆ ಕರ್ಕೊಂಡು ಹೋಗಿ ಅಲ್ಲಿ ಬಿಟ್ಟುಬಿಡಿ. ಅಲ್ಲಿ ಜನರನ್ನ ಆಳಾಗಿ ಇಟ್ಕೊಳ್ಳೋ ಹಾಗೇ ಇಲ್ಲ, ಯಾವ ಕಾಯಿದೆನೂ ಅಡ್ಡ ಬರೋದಿಲ್ಲ. ನಾನು ಬಟ್ಟೆ ಒಗೆದು ನಿಮ್ಮ ಋಣ ತೀರಿಸ್ತೀನಿ."

"ಅವನು ಯುಡೋರಾಳ ಸ್ವತ್ತು. ಅವಳ ಅಪ್ಪ ಒಪ್ಪಬೇಕು. ಆ ಮುದುಕ ಕಮ್ಮಾರನನ್ನ ಬಿಡ್ತಾನಾ?"

"ಕೇಳಿ ನೋಡಿದ್ರಾ?"

ರೆನ್‌ಫ್ರೋ ಕಿಟಕಿಯ ಕಡೆ ತಿರುಗಿದರು. ಅವ್ವ ಬುಟ್ಟಿಯಿಂದ ಅಂಗಿಗಳನ್ನು ತೆಗೆದು ಮೇಜಿನ ಮೇಲೆ ಒಂದರ ಮೇಲೊಂದು ನೆಟ್ಟಗೆ ಜೋಡಿಸಿದಳು. ಒಂದು ಮಡಿಕೆಯೂ ಕೆಡಲಿಲ್ಲ.

ನಾವು ಇರಬೇಕೋ ಹೋಗಬೇಕೋ ಅನ್ನುವುದನ್ನು ಕೊನೆಗೆ ತೀರ್ಮಾನ ಮಾಡಿದವನು ಅಪ್ಪ. ಅವ್ವ ಒಂದು ಭಾನುವಾರ ಅತ್ತು, "ನಾನು ಇದ್ದುಬಿಡ್ತೀನಿ ಕಣೋ, ಆಳಾದ್ರೆ ಆಳು" ಅಂದಾಗ ಅವನು ರೇಗಿದ. ಅವನು ರೇಗಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ನಾನು ಹುಟ್ಟಿದಾಗಿಂದ ಕಬ್ಬಿಣ ಬಡೀತಿದೀನಿ. ಸರಪಳಿನೂ ಬಡಿದಿದೀನಿ. ನನ್ನ ಮಗಳಿಗೂ ಒಂದು ಬಡಿ ಅಂತೀಯಾ? ಹೋಗು. ಹುಡುಗಿಗೆ ಓದು ಕಲಿಸು. ನಾನು ಹ್ಯಾಗಾದ್ರೂ ಬರ್ತೀನಿ."

ಡಿಸೆಂಬರಿನಲ್ಲಿ ಹಡಗು ಹತ್ತಿದೆವು. ಅಪ್ಪನಿಗೆ ಕಟ್ಟೆಗೆ ಬರಲು ಚೀಟಿ ಸಿಕ್ಕಿತ್ತು. ದೂರದಲ್ಲಿ ಕುದುರೆಯ ಮೇಲೆ ರೆನ್‌ಫ್ರೋ ಅವರೂ ಇದ್ದರು. ಟೋಪಿ ತೆಗೆದು ಹಿಡಿದಿದ್ದರು. ಅವ್ವ ಆ ಕಡೆ ನೋಡಲಿಲ್ಲ. ಅಪ್ಪ ಮಾತ್ರ ನದಿಯ ತಿರುವಿನವರೆಗೂ ಏರಿಯ ಮೇಲೆ ನಮ್ಮ ಜೊತೆ ಜೊತೆಗೇ ಓಡಿಬಂದ.

ಓಹಾಯೊದ ಸಿನ್ಸಿನಾಟಿಯಲ್ಲಿ ಅವ್ವ ಬಟ್ಟೆ ಒಗೆದಳು, ನಾನು ಓದಿದೆ. ಉತ್ತರಕ್ಕೂ ದಕ್ಷಿಣಕ್ಕೂ ಯುದ್ಧ ಬಂತು. ಬರುತ್ತೇನೆ ಅಂದಿದ್ದ ಅಪ್ಪ ಬರಲಿಲ್ಲ. ಯುದ್ಧ ಮುಗಿದು, ಆಳುಗಳೆಲ್ಲ ಬಿಡುಗಡೆಯಾಗಿ, ಊರಿಗೆ ಮರಳುವುದಕ್ಕೆ ಅಡ್ಡಿಯಿಲ್ಲ ಅಂದಾಗ ಅವ್ವ ಒಂದು ದಿನವೂ ತಡೆಯಲಿಲ್ಲ.

ಟಾಲ್ಬಟ್‌ನಲ್ಲಿ ಕೋರ್ಟು ಸುಟ್ಟುಹೋಗಿತ್ತು. ಬ್ಲಾಕ್‌ಶೇರ್ ಮುದುಕ ಸತ್ತಿದ್ದ. ಏರಿ ಒಡೆದು ಹತ್ತಿ ಹೊಲಗಳಲ್ಲಿ ಜೊಂಡು ಬೆಳೆದಿತ್ತು. ರೆನ್‌ಫ್ರೋ ಅವರಿಗೆ, ಸೋತ ದಕ್ಷಿಣದ ಕಡೆಯವರು ಅಂತ, ಮತದಾನದ ಹಕ್ಕೂ ಉಳಿದಿರಲಿಲ್ಲ. ಕೆಂಗೂದಲು ಪೂರಾ ಬೆಳ್ಳಗಾಗಿ, ಜೀನಿನ ಅಂಗಡಿಯ ಮೇಲಿನ ಕೋಣೆಯಲ್ಲೇ ಮತ್ತೆ ಕೂತಿದ್ದರು. ಅವರ ಒಬ್ಬನೇ ಮಗ ಫಿಲಿಪ್ ಶೈಲೋ ಕಾಳಗಕ್ಕೆ ಹೋದವನು ತಿರುಗಿ ಬಂದಿರಲಿಲ್ಲ. ಹೆಣವೂ ಸಿಕ್ಕಿರಲಿಲ್ಲ. ಯುಡೋರಾ ಅಮ್ಮ ದಿನಾ ಸಂಜೆ ಕುರ್ಚಿ ಹಾಕಿಸಿಕೊಂಡು ರಸ್ತೆ ನೋಡುತ್ತ ಕೂರುತ್ತಿದ್ದಳು. ಸೈನಿಕರ ಹರಕು ಕೋಟು ಹಾಕಿದವನು ಯಾರು ಹಾದುಹೋದರೂ, "ನಮ್ಮ ಫಿಲಿಪ್ಪನ್ನ ಕಂಡ್ಯಾ?" ಅಂತ ಕೇಳುತ್ತಿದ್ದಳು.

ಅವ್ವ ನೆಟ್ಟಗೆ ಮೆಟ್ಟಿಲು ಹತ್ತಿ ಕೇಳಿದಳು, "ಗಿಡಿಯನ್ ಎಲ್ಲಿ?"

"ಉತ್ತರದ ಸೈನ್ಯ ಹತ್ತಿರ ಬಂದಾಗ ಎಲ್ಲರನ್ನೂ ಟೆಕ್ಸಾಸಿಗೆ ಸಾಗಿಸಿದ್ವಿ. ಮೇಸ್ತ್ರಿಯ ಜೊತೆ. ಆಮೇಲೆ..." ರೆನ್‌ಫ್ರೋ ಮೇಜಿನ ಮೇಲಿದ್ದ ಚಾಕುವನ್ನು ತೆಗೆದು ಮತ್ತೆ ಅಲ್ಲೇ ಇಟ್ಟರು. "ಆಮೇಲೆ ಗೊತ್ತಿಲ್ಲ ಲೆಟ್ಟಿ. ಎಷ್ಟೋ ಜನ ಅಲ್ಲೇ ಉಳಿದರು."

ಅಲ್ಲೇ ಉಳಿದರು ಅನ್ನುವ ಮಾತನ್ನು ಅವ್ವ ಗಟ್ಟಿಯಾಗಿ ಹಿಡಿದುಕೊಂಡಳು. ಟೆಕ್ಸಾಸಿನಿಂದ ಯಾರೇ ಬರಲಿ, ಅವಳು ಹೋಗಿ ಕೇಳುವಳು: ಎಡಗೈ ಮೇಲೆ ಸುಟ್ಟ ಕಲೆ ಇರೋ ಕಮ್ಮಾರ, ನಗುವಾಗ ತಲೆ ಹಿಂದಕ್ಕೆ ಹಾಕ್ತಾನೆ, ಕಂಡ್ರಾ? ನಾನು ನಮ್ಮವರ ಮಕ್ಕಳಿಗೆ ಚರ್ಚಿನಲ್ಲೇ ಶಾಲೆ ತೆರೆದೆ. ಆ ಚರ್ಚನ್ನು ಕಟ್ಟಿದವನು ಎಫ್ರೇಮ್ ಸೈಕ್ಸ್ ಅನ್ನುವ ಬಡಗಿ, ಹೆಂಡತಿ ಸತ್ತವನು, ಮಿತಭಾಷಿ. ಅವ್ವನಿಗೆ ಬಟ್ಟೆ ಒಣಗಿಸುವ ಕಂಬ ನೆಟ್ಟುಕೊಟ್ಟ, ಸೂರು ಸರಿಮಾಡಿದ, ಒಂದು ದಿನ ಹ್ಯಾಟು ಕೈಯಲ್ಲಿ ಹಿಡಿದು ಬಂದು ಕೇಳಿದ.

"ನನಗೆ ಗಂಡ ಇದಾನೆ ಎಫ್ರೇಮ್."

"ಎಲ್ಲಿದಾನೆ ಲೆಟ್ಟಿ?"

"ದಾರೀಲಿದಾನೆ."

ಎಫ್ರೇಮ್ ಹ್ಯಾಟು ಹಾಕಿಕೊಂಡು ಹೋದ. ಆದರೆ ಮಳೆಗಾಲದ ಮುಂಚೆ ಬಂದು ಸೂರು ನೋಡುವುದನ್ನು ಬಿಡಲಿಲ್ಲ. ಹೀಗೆ ಎಂಟು ವರ್ಷ ಕಳೆಯಿತು. ಅವ್ವನ ತಲೆ ನೆರೆಯಿತು. ಅತ್ತ ಯುಡೋರಾ ಅಮ್ಮ ಕುರ್ಚಿಯಲ್ಲೇ ಸತ್ತಳು, ಕೊನೆಯುಸಿರಿನವರೆಗೂ ಮಗನನ್ನು ಕೇಳುತ್ತ.

ಅಷ್ಟರಲ್ಲಿ ಕಾಲ ಮತ್ತೆ ಹೊರಳಿತ್ತು. ರೆನ್‌ಫ್ರೋ ಅವರಂಥವರಿಗೆ ಹಕ್ಕು ತಿರುಗಿ ಬಂದಿತ್ತು, ನಮ್ಮ ಗಂಡಸರಿಗೂ ಮತವಿತ್ತು. ಆ ವರ್ಷ ಚುನಾವಣೆಗೆ ನಮ್ಮ ಕಡೆಯಿಂದ ಕಾರ್ನೀಲಿಯಸ್ ಬೆಲ್ಟನ್ ಎಂಬ ಮೇಷ್ಟರು ನಿಂತರು, ಹಳೆಯ ಬೆಳೆಗಾರರು ರೆನ್‌ಫ್ರೋ ಅವರನ್ನು ಎತ್ತಿ ನಿಲ್ಲಿಸಿದರು. ಕರಿಯರ ಮತವಿಲ್ಲದೆ ಗೆಲ್ಲುವಂತಿರಲಿಲ್ಲ. ಆದ್ದರಿಂದ ಒಂದು ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಅವರು ನಮ್ಮ ಚರ್ಚಿಗೆ ಬಂದರು. ಜೊತೆಯಲ್ಲಿ ಬಂದ ನಾಲ್ಕೈದು ಬಿಳಿಯರು ಬಾಗಿಲಲ್ಲೇ ನಿಂತರು.

ದನಿ ಹಳೆಯದೇ, ಸ್ವಲ್ಪ ಒಡೆದಿತ್ತು. ಏರಿಯ ಮಾತಾಡಿದರು, ಶಾಲೆಯ ಮಾತಾಡಿದರು. ಆಮೇಲೆ ಹೇಳಿದರು, "ನಿಮ್ಮ ಸ್ನೇಹಿತ ನಾನು ಇವತ್ತು ನಿನ್ನೆ ಆದವನಲ್ಲ. ಈ ಊರಲ್ಲಿ ಯಾವ ವಕೀಲನೂ ಮುಟ್ಟದಿದ್ದಾಗ ನಿಮ್ಮ ಲೆಟ್ಟಿಯನ್ನ, ಇಗೋ ಇಲ್ಲೇ ಕೂತಿದಾಳೆ, ಕೋರ್ಟಿನಲ್ಲಿ ಗೆದ್ದು ಬಿಡಿಸಿದವನು ನಾನು." ಮುದುಕಿಗೆ ಬುದ್ಧಿ ಇತ್ತೋ ಇರಲಿಲ್ಲವೋ ಅನ್ನುವ ಮಾತನ್ನು ಅವರು ಅಭಿನಯಿಸಿ ತೋರಿಸಿದಾಗ ಜನ ನಕ್ಕರು, ಕೆಲವರು ಕೈ ತಟ್ಟಿದರು. "ಹೌದು ತಾನೇ ಲೆಟ್ಟಿ?"

ಅವ್ವ ಬೆಂಚಿನ ಬೆನ್ನು ಹಿಡಿದು ಎದ್ದಳು.

"ಹೌದು. ಅದರಲ್ಲಿ ಒಂದಕ್ಷರ ಸುಳ್ಳಿಲ್ಲ. ಇನ್ನರ್ಧನೂ ಹೇಳಿ, ವಕೀಲರೇ."

ಬಾಗಿಲಲ್ಲಿ ನಿಂತವರಲ್ಲಿ ಒಬ್ಬ, "ಕೂತ್ಕೋ ಮುದುಕಿ" ಅಂದ. ಎಫ್ರೇಮ್ ಹಿಂದಿನ ಬೆಂಚಿನಿಂದ ಎದ್ದು ಅವನ ಕಡೆ ತಿರುಗಿ ನಿಂತ.

"ನನ್ನ ಊರು ಬಿಡಿಸಿದ ಕಾಯಿದೆಗೆ ಹೂಂ ಅಂದೋರು ಯಾರು? ಅದು ಹೋಗ್ಲಿ. ನನ್ನ ಗಂಡ ಎಲ್ಲಿದಾನೆ? ನಿಮ್ಮನ್ನ ಇದೊಂದು ಸಲ ಎಲ್ಲರ ಮುಂದೆ ಕೇಳ್ತಿದೀನಿ. ಗಿಡಿಯನ್ ಎಲ್ಲಿ?"

ರೆನ್‌ಫ್ರೋ ಮೇಜಿನ ಅಂಚು ಹಿಡಿದುಕೊಂಡರು. ಗೊತ್ತಿಲ್ಲ ಅನ್ನುತ್ತಾರೆ ಅಂತಲೇ ನಾನು ಕಾದೆ. ಅವರು ಭಾಷಣದ ದನಿಯಲ್ಲದ, ಯಾವುದೋ ಬೇರೆಯ ದನಿಯಲ್ಲಿ, "ಸತ್ತುಹೋದ" ಅಂದರು.

"ಯಾವಾಗ?"

"ಯುದ್ಧ ಮುಗಿಯೋಕೆ ಮುಂಚೆನೇ. ಟೆಕ್ಸಾಸಿನ ಉಪ್ಪಿನ ಭಟ್ಟಿಗೆ ಅವನನ್ನ ಬಾಡಿಗೆಗೆ ಕೊಟ್ಟಿದ್ವಿ. ಅಲ್ಲಿ ಜ್ವರ ಬಂತು. ಮೇಸ್ತ್ರಿ ವಾಪಸ್ ಬಂದು ಹೇಳಿದ. ನೀನು ಮೆಟ್ಟಿಲು ಹತ್ತಿ ಬಂದು ಕೇಳಿದ ದಿನ ನನಗೆ ಗೊತ್ತಿತ್ತು ಲೆಟ್ಟಿ. ಹೇಳೋಕಾಗ್ಲಿಲ್ಲ. ಆಮೇಲೆ ದಿನ ಕಳೆದಷ್ಟೂ ಇನ್ನೂ ಆಗ್ಲಿಲ್ಲ." ಉಸಿರೆಳೆದುಕೊಂಡರು. "ಯುಡೋರಾ ಹನ್ನೆರಡು ವರ್ಷ ರಸ್ತೆ ನೋಡಿದ್ಲು. ಅವಳನ್ನ ನೋಡ್ತಾ ಇದ್ರೂ ಹೇಳ್ಲಿಲ್ಲ. ಅವನನ್ನ ಬಿಡು ಅಂತ ನೀನು ಕೇಳಿದಾಗ ಮಾವನನ್ನ ನಾನು ಕೇಳೇ ಇರ್ಲಿಲ್ಲ. ಕೇಳಿದ್ರೆ ಕೊಡ್ತಿದ್ನೋ ಏನೋ. ಕೇಳ್ಲಿಲ್ಲ."

ಅವ್ವ ಕೂತಳು. ಅಳಲಿಲ್ಲ. ತನ್ನ ಎರಡು ಕೈಗಳನ್ನು ಮಡಿಲಲ್ಲಿಟ್ಟು, ಅವು ಬೇರೆ ಯಾರದೋ ಅನ್ನುವಂತೆ ನೋಡುತ್ತಿದ್ದಳು. ರೆನ್‌ಫ್ರೋ ಟೋಪಿ ಹುಡುಕಿಕೊಂಡು ನಡುವಿನ ಓಣಿಯಲ್ಲಿ ನಡೆದು ಹೋದರು. ಯಾರೂ ದಾರಿಗೆ ಅಡ್ಡ ಬರಲಿಲ್ಲ, ಯಾರೂ ಕೈ ಕುಲುಕಲೂ ಇಲ್ಲ. ಹೊರಗೆ ಅವರ ಜೊತೆಯವರು ಬೈಯುವುದು ಕೇಳಿಸುತ್ತಿತ್ತು: "ಮುದುಕನಿಗೆ ಅರಳುಮರಳು! ಆಗೋ ಕೆಲಸ ಕೆಡಿಸಿಬಿಟ್ಟ!"

ವಾರದೊಳಗೆ ಅವರು ಹೆಸರು ವಾಪಸು ತೆಗೆದುಕೊಂಡರು. ಅವರ ಜಾಗದಲ್ಲಿ ಒಬ್ಬ ಹತ್ತಿ ವ್ಯಾಪಾರಿ ನಿಂತ. ನಮ್ಮವರೆಲ್ಲ ಬೆಲ್ಟನ್ ಮೇಷ್ಟರಿಗೆ ಮತ ಹಾಕಿದರು. ನದಿಯಾಚೆಯ ಮತಪೆಟ್ಟಿಗೆ ದೋಣಿಯಿಂದ ಜಾರಿ ಬಿತ್ತು ಅಂತ ಹೇಳಿ ವ್ಯಾಪಾರಿಯನ್ನೇ ಗೆಲ್ಲಿಸಿದರು.

ಅದಾದ ಮೇಲೆ ರೆನ್‌ಫ್ರೋ ಒಂದು ಸಲ ನಮ್ಮ ಬೇಲಿಯ ಹತ್ತಿರ ಬಂದಿದ್ದರು. ಅವ್ವ ಬಟ್ಟೆ ಹಿಂಡುತ್ತಿದ್ದಳು.

"ಕ್ಷಮಿಸು ಅಂತ ಕೇಳೋಕೆ ಬಂದಿಲ್ಲ ಲೆಟ್ಟಿ."

"ಒಳ್ಳೇದಾಯ್ತು. ನನ್ನ ಹತ್ರ ಅದಿಲ್ಲ." ಅವಳು ಕೈ ಒರೆಸಿಕೊಂಡಳು. "ಅವನನ್ನ ಮಣ್ಣು ಮಾಡಿದ್ದು ಯಾರು?"

"ಜೊತೆಯ ಆಳುಗಳು. ಜೂಬಾ ಅನ್ನೋನು ಪ್ರಾರ್ಥನೆ ಹೇಳಿದನಂತೆ. ಭಟ್ಟಿಯ ಹಿಂದೆ ಓಕ್ ಮರಗಳಿವೆ, ಅಲ್ಲಿ."

"ಪೆಟ್ಟಿಗೆ ಇತ್ತಾ?"

"ಇತ್ತು ಅಂದ ಮೇಸ್ತ್ರಿ." ಆಮೇಲೆ ಸೇರಿಸಿದರು, "ಅವನ ಮಾತು ನಿಜವೋ ಸುಳ್ಳೋ ಹೇಳಲಾರೆ."

ಅವ್ವ ತಲೆಯಾಡಿಸಿದಳು. "ಬಿಸಿಲಲ್ಲಿ ನಿಲ್ಲಬೇಡಿ. ಮನೆಗೆ ಹೋಗಿ."

ಆ ಚಳಿಗಾಲ ಚರ್ಚಿನಲ್ಲಿ ಅಪ್ಪನ ಹೆಸರಿನಲ್ಲಿ ಪ್ರಾರ್ಥನೆ ಮಾಡಿಸಿದೆವು. ಹೆಣವಿಲ್ಲದ ಸಾವಿಗೆ ಊರಿಗೂರೇ ಬಂದಿತ್ತು. ಅವತ್ತು ಅವ್ವ ಅತ್ತಳು, ನಿಲ್ಲಿಸಲು ಆಗದಷ್ಟು ಅತ್ತಳು. ಒಂದು ವರ್ಷ ಕಪ್ಪು ಉಟ್ಟಳು. ವರ್ಷ ತುಂಬಿದ ಮೇಲೆ ಎಫ್ರೇಮನನ್ನು ತಾನೇ ಕರೆಸಿ, "ಇನ್ನೂ ಮನಸ್ಸಿದೆಯಾ, ಇಲ್ಲಾ ಸೂರು ನೋಡೋಕೆ ಮಾತ್ರ ಬರೋದಾ?" ಅಂತ ಕೇಳಿದಳು. ಅವನು ಹ್ಯಾಟು ತೆಗೆದ.

ರೆನ್‌ಫ್ರೋ ಅದರ ಮುಂದಿನ ವಸಂತದಲ್ಲಿ ತೀರಿಕೊಂಡರು. ಅವ್ವ ಮಣ್ಣಿಗೆ ಹೋಗಲಿಲ್ಲ. ನಾನು ಹೋಗಿ ಬೇಲಿಯ ಹೊರಗೆ, ನಮ್ಮವರ ಜೊತೆ ನಿಂತಿದ್ದೆ. ನ್ಯಾಯಾಧೀಶರು ಮಾತಾಡಿದರು, ಪಾದ್ರಿ ಮಾತಾಡಿದರು. ಮನೆಗೆ ಬಂದಾಗ ಅವ್ವ ಹಿಟ್ಟು ಕಲಸುತ್ತಿದ್ದಳು.

"ಏನೇನು ಹೇಳಿದ್ರು?"

"ಏರಿ ಹಾಕಿಸಿದ್ದು, ಶಾಲೆ ತಂದದ್ದು. ದೊಡ್ಡ ವಕೀಲರು, ದೊಡ್ಡ ಮನುಷ್ಯರು ಅಂತ."

"ನನ್ನ ಮೊಕದ್ದಮೆ?"

"ಹೇಳ್ಲಿಲ್ಲ ಅವ್ವ."

"ಗಿಡಿಯನ್ನ?"

"ಇಲ್ಲ."

ಅವ್ವ ಕೈಗಂಟಿದ ಹಿಟ್ಟನ್ನು ಉಜ್ಜಿ ತೆಗೆದಳು. "ಅದೆರಡನ್ನೂ ಚರ್ಚಿನಲ್ಲಿ ಅವರೇ ಹೇಳಿ ಹೋದ್ರಲ್ಲ ಬಿಡು" ಅಂದು, ಎಫ್ರೇಮನನ್ನು ಊಟಕ್ಕೆ ಕೂಗಲು ಹಿತ್ತಲಿಗೆ ಹೋದಳು.